ತಿರುವಿ ಹೊಲಿದ ಅಂಗಿ

“ಅವನಿಗೆ ದೂರ ನಿಲ್ಲೋಕೆ ಹೇಳು. ನನ್ನ ತಂಗೀನ ಎತ್ತೋಕೆ ನಾನಿದೀನಿ,” ಎಂದು ಬಡಗಿ ತನ್ನ ಹೆಂಡತಿಗೆ ಹೇಳುತ್ತ, ತಂಗಿಯ ಗಂಡ ದರ್ಜಿಯ ಕೈಯನ್ನು ಆಚೆ ಸರಿಸಿದ.

ದರ್ಜಿ ಹಿಂದೆ ಸರಿದ. ತೀರಿಹೋದ ಹೆಂಡತಿಗೆ ಕಡೆಯದಾಗಿ ತೊಡಿಸಲು ತಂದ ಅಂಗಿಯನ್ನು ಮಂಚದ ಮೇಲಿಟ್ಟು ಗೋಡೆಗೊರಗಿದ. ಆ ಬಾಯಿಸತ್ತ ಮುಖ ನೋಡಿ ಬಡಗಿಗೆ ಮೈ ಉರಿಯಿತು. ಮಾಡುವುದೆಲ್ಲ ಮಾಡಿ ಏನೂ ಅರಿಯದವನ ಹಾಗೆ ನಿಲ್ಲುವುದು ಬೇರೆ.

* * *

ಹೋದ ವರ್ಷ ತಂಗಿಯ ತೋಳು ನೀಲಿಗಟ್ಟಿದ್ದು ಕಂಡಾಗಲೇ ಅವನು ಕೇಳಿದ್ದ.

“ಯಾರು ಹೊಡೆದದ್ದು? ನಿಜ ಹೇಳು.”

“ಅವರಾ? ನೊಣ ಹೊಡೆಯೋಕೂ ಹಿಂದೆಮುಂದೆ ನೋಡ್ತಾರೆ. ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೇಷನ್ ಔಷಧಿ ಕುಡಿದೆನಲ್ಲಣ್ಣ, ಅದರಿಂದ ಮೂಳೆಯೊಳಗೆ ರಕ್ತ ಹುಟ್ಟೋದೇ ಕಮ್ಮಿಯಾಗಿದೆಯಂತೆ. ಮುಟ್ಟಿದ್ರೂ ಕಂದತ್ತೆ. ಎಲ್ಲೋ ಒಬ್ಬರಿಗೆ ಹೀಗಾಗೋದಂತೆ.”

“ಯಾರ ಕಿವಿಗೆ ಹೂ ಇಡ್ತೀಯ?”

ತಂಗಿ ನಕ್ಕಿದ್ದಳು. “ನೋಡು, ಜನ್ಮದಲ್ಲಿ ಒಂದು ಲಾಟರಿ ಹೊಡೀಲಿಲ್ಲ. ಇದಕ್ಕೆ ಮಾತ್ರ ನಾನೇ ಸಿಕ್ಕಿದೆ.”

ಬಡಗಿ ನಂಬಲಿಲ್ಲ. ಅವನ ತಲೆಗೆ ಒಂದು ಹೊಕ್ಕಿತೆಂದರೆ ಮೊಳೆ ಹೊಡೆದ ಹಾಗೆ. ಅಂದಿನಿಂದ ಭಾವನ ಜೊತೆ ಮಾತು ಬಿಟ್ಟ. ಮೊನ್ನೆ ಆಸ್ಪತ್ರೆಯಲ್ಲಿ, ಭಾವ ಹೊರಗೆ ಹೋದದ್ದು ನೋಡಿ, ಗರಗಸಕ್ಕೆ ಸಿಕ್ಕು ಉಂಗುರಬೆರಳು ಅರ್ಧವಾಗಿದ್ದ ತನ್ನ ಬಲಗೈಯಲ್ಲಿ ಅವಳ ಎಡಗೈ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಬೇಡಿಕೊಂಡಿದ್ದ. “ಈಗಲಾದ್ರೂ ಹೇಳೇ.”

“ನಿನ್ನ ಹಠ ಬಿಡಣ್ಣ,” ಅಂದಿದ್ದಳು. ಅಷ್ಟೇ.

* * *

ಬಡಗಿಯ ಹೆಂಡತಿ ಅಂಗಿ ಬಿಡಿಸಿದಳು. “ಇದೇನು, ಹೊಲಿಗೆಯೆಲ್ಲ ಹೊರಗಿದೆಯಲ್ಲ?”

“ಹಾಗೇ ಇರಲಿ ಅಕ್ಕ,” ಎಂದ ದರ್ಜಿ. “ಒಳಗೆ ಹೊಲಿಗೆ ಒತ್ತಿದ್ರೂ ಅವಳ ಮೈ ಕಂದೋದು. ಹೋದ ವರ್ಷದಿಂದ ಎಲ್ಲ ಹೀಗೇ ತಿರುವಿ ಹೊಲೀತಿದ್ದೆ.”

ಅವಳು ಗಂಡನ ಮುಖ ನೋಡಿದಳು. ಬಡಗಿ ತಿರುಗಲಿಲ್ಲ. ತೋಳು ತೊಡಿಸಲು ತಂಗಿಯ ಎಡಗೈ ಎತ್ತಿದ. ಮಣಿಕಟ್ಟಿನ ಮೇಲೆ ಬೆರಳುಗಳ ಗುರುತು ನೀಲಿಗಟ್ಟಿತ್ತು.

“ಬಾರೇ ಇಲ್ಲಿ, ಇದನ್ನ ನೋಡು...” ಎಂದವನ ಮಾತು ಅಲ್ಲೇ ನಿಂತಿತು. ಮೂರು ಬೆರಳು ಪೂರ್ತಿ ಮೂಡಿದ್ದವು. ಉಂಗುರಬೆರಳಿನದು ಅರ್ಧಕ್ಕೇ ಮುಗಿದಿತ್ತು.

ತನ್ನ ಬಲಗೈಯನ್ನು ಅದರ ಮೇಲಿಟ್ಟ. ಸರಿಯಾಗಿ ಕೂತಿತು.

ಎದೆಯ ಮೇಲಿನ ಭಾರ ಇಳಿದಂತಾಯಿತು. ತಂಗಿಯನ್ನು ಯಾರೂ ಹೊಡೆದಿರಲಿಲ್ಲ. ನಾಚಿಕೆಯಾಯಿತು, ನಿಜ; ನೆಮ್ಮದಿ ಅದಕ್ಕಿಂತ ದೊಡ್ಡದಾಗಿ ಬಂದು ಅವನನ್ನು ಅಳಿಸಿತು.

“ಭಾವ,” ಎಂದು ಕರೆದ. ದರ್ಜಿ ಬೆಚ್ಚಿ ತಲೆಯೆತ್ತಿದ.

“ನೀವೇ ತೊಡಿಸಿ. ನನ್ನ ಕೈ ಒರಟು.”

ದರ್ಜಿ ಬಂದು ಮಂಚದ ಪಕ್ಕ ಕೂತ. ಅವಳ ಕೈಯನ್ನು ತನ್ನ ಅಂಗೈ ಮೇಲೆ ಮಲಗಿಸಿಕೊಂಡು, ಒಂದು ಬೆರಳೂ ಒತ್ತದ ಹಾಗೆ, ಅಂಗಿಯ ತೋಳಿನೊಳಗೆ ತೂರಿಸಿದ.