ಚೀಟಿಯ ಮೂರನೇ ಸಾಲು

ನಮ್ಮಣ್ಣ ದುಂಬಿಗಳಿಗೆ ಹೆಸರಿಡುತ್ತಿದ್ದ, ನಾನು ಅವುಗಳ ತಲೆ ಕೀಳಿಸುತ್ತಿದ್ದೆ. ಇಬ್ಬರದೂ ಒಂದೇ ಅರಣ್ಯ ಸಂಶೋಧನಾ ಕಚೇರಿ. ಅವನದು ಮಹಡಿಯ ಮೇಲಿನ ವರ್ಗೀಕರಣ ವಿಭಾಗ, ನನ್ನದು ಹಿಂದುಗಡೆ ಶೆಡ್ಡಿನ ಕೀಟ ನಿಯಂತ್ರಣ. ಕಚೇರಿಯವರು ಅವನನ್ನು ಸೂಜಿ ಸಾಹೇಬರು ಅನ್ನುತ್ತಿದ್ದರು, ನನ್ನನ್ನು ತಲೆ ಮೇಡಂ. ಅವನ ಅಡ್ಡಹೆಸರನ್ನು ಎದ್ದು ನಿಂತು ಹೇಳುತ್ತಿದ್ದರು. ನನ್ನದನ್ನು ಹೇಳಿ ಕಿಸಕ್ಕನೆ ನಗುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಬಿದ್ದ ಮರವೊಂದರ ತೊಗಟೆಯಡಿ ನನಗೆ ಒಂದು ಹೆಣ್ಣು ದುಂಬಿ ಸಿಕ್ಕಿತ್ತು. ನೋಡಲು ಮರ ಹಾಳುಮಾಡುವ ಕಾಂಡಕೊರಕದ ಹಾಗೇ ಇತ್ತು. ಎರಡು ಕಣ್ಣುಗಳ ನಡುವೆ ಮಾತ್ರ ಸಾಸಿವೆಗಿಂತ ಸಣ್ಣದೊಂದು ಹಳದಿ ಚುಕ್ಕೆ. ತಂದು ಅಣ್ಣನಿಗೆ ಕೊಟ್ಟೆ. ಅವನು ಅದಕ್ಕೆ ಸೂಜಿ ಚುಚ್ಚಿ ಕೆಳಗೆ ಚೀಟಿ ಸಿಕ್ಕಿಸಿದ. ಆ ಚೀಟಿಯಲ್ಲಿ ಮೂರೇ ಸಾಲು: ಸ್ಥಳ, ದಿನಾಂಕ, ಸಂಗ್ರಹಿಸಿದವರು. ಮೂರನೇ ಸಾಲಿನಲ್ಲಿ ತನ್ನ ಹೆಸರು ಬರೆದುಕೊಂಡ.

"ಸಿಕ್ಕಿದ್ದು ನಂಗಲ್ವಾ ಅಣ್ಣ?" ಅಂತ ಕೇಳಿದ್ದಕ್ಕೆ, "ನೀನು ಕೊಲ್ಲೋ ವಿಭಾಗದವಳು ಕಣೆ. ನಿನ್ ಹೆಸರು ಹಾಕಿದ್ರೆ ಯಾರು ನಂಬ್ತಾರೆ?" ಅಂದ.

ಅಮ್ಮನಿಗೆ ಹೇಳಿದೆ. "ಅಣ್ಣ ತಾನೇ, ಹೋಗ್ಲಿ ಬಿಡು" ಅಂದಳು. ಚಿಕ್ಕಂದಿನಿಂದ ಅವಳು ಹೇಳಿಕೊಂಡು ಬಂದದ್ದೇ ಅದು. ನಾನು ಬಿಡಲಿಲ್ಲ. ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಆ ದುಂಬಿ ಹೊಸ ಜಾತಿಯದು ಎಂಬುದು ಅಣ್ಣನಿಗೆ ಖಾತ್ರಿಯಾಗಿತ್ತು. ಆದರೆ ಒಂದೇ ಒಂದು ಹೆಣ್ಣನ್ನು ತೋರಿಸಿದರೆ ಪ್ರಬಂಧ ಪರಿಶೀಲಿಸುವವರು ಒಪ್ಪಲಿಲ್ಲ. ಗಂಡು ಬೇಕು, ಅದರ ಹೊಟ್ಟೆಯ ತುದಿಯಲ್ಲಿರುವ ಅಂಗವನ್ನು ಬಿಡಿಸಿ ನೋಡಿದರೇ ತೀರ್ಮಾನ ಅಂದರು. ಎರಡು ಸಲ ಅವನ ಪ್ರಬಂಧ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಯಿತು. ಅಷ್ಟರಲ್ಲಿ ನಿವೃತ್ತಿಗೆ ಒಂದೇ ತಿಂಗಳು ಉಳಿಯಿತು. ಅದರೊಳಗೆ ಗಂಡು ಸಿಗದಿದ್ದರೆ ಅವನ ಇಡೀ ಜೀವಮಾನದ ಕೆಲಸ ನೀರುಪಾಲು.

ಆ ತಿಂಗಳೇ ಕಾಡಿಗೆ ಕಾಂಡಕೊರಕದ ಹಾವಳಿ ಬಂತು. ನಮ್ಮ ವಿಧಾನ ಸರಳ. ಸೋತ ಮರವೊಂದನ್ನು ಕಡಿದು ತುಂಡು ಮಾಡುತ್ತೇವೆ, ತೊಗಟೆ ಸಡಿಲವಾಗುವಂತೆ ಕೊಡಲಿಯ ಹಿಂಬದಿಯಿಂದ ಜಜ್ಜುತ್ತೇವೆ. ಒಸರುವ ರಸಕ್ಕೆ ದುಂಬಿಗಳು ದೂರದಿಂದ ಹಾರಿ ಬರುತ್ತವೆ, ಕುಡಿದು ಮತ್ತೇರಿ ಬೀಳುತ್ತವೆ. ಸುತ್ತ ಕೂತವರು ಹಿಡಿದು ತಲೆ ತಿರುಚುತ್ತಾರೆ. ತಲೆ ಡಬ್ಬಕ್ಕೆ, ಲೆಕ್ಕಕ್ಕಾಗಿ. ಹೊಟ್ಟೆಯ ಮೊಟ್ಟೆಯೂ ಉಳಿಯಬಾರದೆಂದು ಒಡಲು ಬೆಂಕಿಗೆ. ಯಾರೇ ಕೂರಲಿ, ಕೈಗೆ ಬಂದದ್ದನ್ನು ಜೀವಂತ ಕೆಳಗಿಡುವಂತಿಲ್ಲ.

ಈ ರಸಕ್ಕೆ ಹಳದಿ ಚುಕ್ಕೆಯದೂ ಬಂದೀತೆಂದು ಅಣ್ಣ ಕಾಡಿಗೇ ಬಂದುಬಿಟ್ಟ.

"ಬಂದ್ರೆ ನಾನೇ ಎತ್ತಿಡ್ತೀನಿ ಅಣ್ಣ. ಚೀಟೀಲಿ ಮಾತ್ರ ನನ್ ಹೆಸರು ಬರಿ" ಅಂದೆ. ಅದು ನಾನು ಕೊಟ್ಟ ಕೊನೆಯ ಅವಕಾಶ.

"ತಲೆ ಕೀಳೋಳಿಗೆ ಹೆಸರು ಬೇರೆ ಕೇಡು!" ಅಂದ, ಎಲ್ಲರ ಮುಂದೆ. ಕೆಲಸದವರು ನಕ್ಕರು. "ನಿಮ್ ಕೈಗೆ ಸಿಕ್ರೆ ಅದರ ಕಥೆ ಮುಗೀತು. ನಾನೇ ಕೂತು ಒಂದೊಂದನ್ನೂ ನೋಡ್ತೀನಿ."

ನೋಡುತ್ತಾನಂತೆ! ಅವನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಅಕ್ಷರ ಕೆಟ್ಟದಾಗಿದೆ ಎಂಬ ನೆವ ಹೇಳಿ ಚೀಟಿಗಳನ್ನು ಜವಾನನಿಂದ ಓದಿಸುತ್ತಿದ್ದ. ವೈದ್ಯರ ಹತ್ತಿರ ಹೋಗೆಂದರೆ ಉರಿದುಬೀಳುತ್ತಿದ್ದ. ಕಾಡಿನಲ್ಲೂ ಭೂತಕನ್ನಡಿಯನ್ನು ಜೇಬಿನಿಂದ ತೆಗೆಯಲಿಲ್ಲ. ಕೆಲಸದವರ ಮುಂದೆ ಮರ್ಯಾದೆ ಹೋಗುತ್ತದಲ್ಲ.

ಮೊದಲ ದಿನ ಪ್ರತಿಯೊಂದನ್ನೂ ಮುಖದ ಹತ್ತಿರ ಹಿಡಿದು ನೋಡಿದ. ಮೂರನೇ ದಿನದ ಹೊತ್ತಿಗೆ ಅವನ ಬೆರಳುಗಳಿಗೂ ನಮ್ಮವರ ಅಭ್ಯಾಸ ಹತ್ತಿತ್ತು: ಎತ್ತು, ನೋಡು, ತಿರುಚು, ಎಸೆ.

ಆ ದಿನ ಊಟಕ್ಕೆ ಮುಂಚೆ ಒಂದು ಗಂಡು ದುಂಬಿ ಅವನ ಎದುರಿನ ತುಂಡಿನ ಮೇಲೆ ಬಂದು ಕೂತಿತು. ಗಂಡಿಗೆ ಮಾತ್ರ ಇರುವ, ಮೈಗಿಂತ ಒಂದೂವರೆ ಪಟ್ಟು ಉದ್ದದ ಮೀಸೆ. ಕಣ್ಣುಗಳ ನಡುವೆ ಹಳದಿ. ಪಕ್ಕದಲ್ಲೇ ನಿಂತಿದ್ದ ನನಗೆ ಚೆನ್ನಾಗಿ ಕಂಡಿತು. ಅಣ್ಣ ಅದನ್ನು ಎತ್ತಿದ. ಮುಖದ ಹತ್ತಿರ ತಂದ. ಕಣ್ಣು ಕಿರಿದು ಮಾಡಿದ.

ಒಂದು ಮಾತು ಸಾಕಿತ್ತು. ನಾಲಿಗೆ ತುದಿಗೂ ಬಂತು. ನುಂಗಿಕೊಂಡೆ.

ಅವನು ತಿರುಚಿದ. ತಲೆ ಡಬ್ಬದೊಳಗೆ ಟಣ್ ಅಂತು, ಒಡಲು ಬೆಂಕಿಯಲ್ಲಿ ಚಟಪಟ ಅಂತು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು. ಅವನು ಊಟಕ್ಕೆ ಎದ್ದ ಮೇಲೆ ಡಬ್ಬ ಸುರಿದು ಆ ತಲೆಯನ್ನು ಆರಿಸಿ ಬೆಂಕಿಪೊಟ್ಟಣದಲ್ಲಿಟ್ಟುಕೊಂಡೆ. ಆಮೇಲೆ ಎರಡು ವಾರ ಕಾದರೂ ಇನ್ನೊಂದು ಬರಲಿಲ್ಲ.

ಬೀಳ್ಕೊಡುಗೆ ಮಧ್ಯಾಹ್ನ, ಅವನ ಕೋಣೆಯಲ್ಲೇ. ಎಲ್ಲರೂ ಶಾಲು, ಗಡಿಯಾರ ಕೊಟ್ಟರು. ನಾನು ಗಾಜಿನ ಮುಚ್ಚಳದ ಸಣ್ಣ ಪೆಟ್ಟಿಗೆ ಕೊಟ್ಟೆ.

"ಏನೇ ಇದು?" ಅಣ್ಣ ಪೆಟ್ಟಿಗೆಯನ್ನು ದೂರ ಹಿಡಿದ, ಹತ್ತಿರ ತಂದ.

"ಭೂತಕನ್ನಡಿ ಹಿಡಿ ಅಣ್ಣ. ಇವತ್ತು ಯಾರೂ ನಗಲ್ಲ."

ಹಿಡಿದ. ಹಳದಿ ಚುಕ್ಕೆ ಕಂಡಿರಬೇಕು. ಆ ಮುಖದಲ್ಲಿ ಅರಳಿದ ಆಸೆಯನ್ನು ನಾನು ಸಾಯುವತನಕ ಮರೆಯಲಾರೆ.

"ಗಂಡು! ಒಡಲೆಲ್ಲೇ? ಒಡಲು ಕೊಡೇ!"

"ಚೀಟಿ ಇದ್ಯಲ್ಲ, ಓದು."

ಅವನು ಓದಲು ನೋಡಿದ. ಅಕ್ಷರ ಸಣ್ಣದು, ಅವನೇ ಕಲಿಸಿದ್ದು. ಕೊನೆಗೆ ಪೆಟ್ಟಿಗೆಯನ್ನು ಜವಾನನ ಕಡೆ ಚಾಚಿದ. ಜವಾನ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದ: ನಾವು ಮರ ಜಜ್ಜಿದ ಜಾಗ, ಆ ಮೂರನೇ ದಿನದ ತಾರೀಖು. ಸಂಗ್ರಹಿಸಿದವರು ಅನ್ನುವ ಕಡೆ ಅಣ್ಣನ ಹೆಸರು.

"ನೀನೇ ತಿರುಚಿದ್ದಣ್ಣ. ಒಡಲು ಬೆಂಕಿಗೆ ಹಾಕಿದ್ದೂ ನೀನೇ" ಅಂದೆ. "ಈ ಸಲ ಚೀಟೀಲಿ ಸುಳ್ಳಿಲ್ಲ."