ಹಸಿವಿಲ್ಲ ಬಿಡು

ಬೀರುವಿನ ಬಾಗಿಲಿಗೆ ಸಿಕ್ಕಿಸಿದ ಕೀಲಿಗೊಂಚಲು ಇನ್ನೂ ತೂಗುತ್ತಲೇ ಇದೆ, ಮಿಲ್ಲಿನ ಮಾಲೀಕ ವಿರೂಪಣ್ಣ ಬೀರು ಮುಚ್ಚಿ, ಕುರ್ಚಿಗೆ ಬಂದು ಕೂತು, ನೀರು ಕುಡಿದದ್ದೂ ಆಯಿತು, ಅದಕ್ಕೆ ಮಾತ್ರ ನಿಲ್ಲುವ ಮನಸ್ಸಿಲ್ಲ, ಅತ್ತ ಹೋಗುತ್ತದೆ ಇತ್ತ ಬರುತ್ತದೆ, ನೋಡಬಾರದು ಅಂತ ಬಂಡೆಮ್ಮ ಮುಂದಿದ್ದ ಚಹಾ ನೋಡಿದಳು, ಕೆನೆ ಕಟ್ಟಿದೆ, ಯಾರೂ ಮುಟ್ಟಿಲ್ಲ. ಈ ಗಾಜಿನ ಕೋಣೆಯೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು — ಅಂಗಳ ಗುಡಿಸಿದ್ದಾಳೆ, ಗೋದಾಮು ಗುಡಿಸಿದ್ದಾಳೆ, ಈ ಕೋಣೆಯ ಹೊಸ್ತಿಲ ತನಕ ಗುಡಿಸಿದ್ದಾಳೆ, ಒಳಗೆ ಗುಡಿಸುವವರು ಬೇರೆ — ಈಗ ಕುರ್ಚಿ, ಅದೂ ಮೆತ್ತನೆಯದು, ಕೂತರೆ ಮೈ ಕೆಳಗೆ ಇಳಿದೇ ಹೋಗುತ್ತದೆ, ಮಾತಾಡಲು ಕರೆದವರನ್ನು ಹೀಗೆ ಕುಣಿಯಲ್ಲಿ ಕೂಡಿಸಿದರೆ ಮಾತು ಮೇಲೆ ಹೇಗೆ ಬಂದೀತು. ಬಲಕ್ಕೆ ಅಂಬರೀಶ, ಅವಳದೇ ಕೇರಿಯ ಹುಡುಗ, ಓದಿ ಹಮಾಲರ ಸಂಘದ ಕಾರ್ಯದರ್ಶಿಯಾದವನು, ಎಡಕ್ಕೆ ಹಮಾಲಿ ಮುಷರ್ರಫ್, ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಾನೆ, ಬಂಡೆಮ್ಮನ ಗಂಡ ಕನಕಪ್ಪ ಹೋದಾಗಿನಿಂದ ಅವನ ಕೈ ಹಾಗೇ, ಮುಚ್ಚುವುದೇ ಇಲ್ಲ. ಮತ್ತೆ ವಿರೂಪಣ್ಣನ ದನಿ, ನೋಡ್ರಿ, ಕೂಲಿ ಏರಸ್ತೀನಿ ಅಂದೆ, ದವಾಖಾನಿ ಖರ್ಚು ಕೊಡ್ತೀನಿ ಅಂದೆ, ಹೆಣ್ಮಕ್ಕಳಿಗೆ ಪಾಯಖಾನಿ ಕಟ್ಟಸ್ತೀನಿ ಅಂದೆ, ಇನ್ನೇನು ಉಳೀತು, ಆ ಚೀಲದ ಥಪ್ಪಿ ಎತ್ತರ ಇಳಸೂ ಮಾತೊಂದು ಬಿಡ್ರಿ.

ಬಿಡ್ರಿ. ಎಷ್ಟು ಸಸಾರ ಹೇಳುತ್ತಾರೆ ಜನ ಈ ಮಾತನ್ನು, ಹೊರಗಿನವರಿಗೆ ಅದು ಬಾಯಿಗೆ ಬಂದ ಮಾತು, ಆಗಲಿ ಬಿಡು, ಹೋಗಲಿ ಬಿಡು, ನಿನಗೇನು ಗೊತ್ತು ಬಿಡು — ಅವಳ ಹುಟ್ಟೂರು ಕುರ್ಡಿಯಲ್ಲಿ ಅವಳೂ ದಿನಕ್ಕೆ ಎಷ್ಟು ಸಲ ಅಂದಿರಲಿಕ್ಕಿಲ್ಲ, ಮದುವೆಯಾಗಿ ರಾಯಚೂರಿಗೆ ಬಂದ ಹೊಸತರಲ್ಲಿ ಗೋದಾಮಿನಲ್ಲೂ ಅಂದಿದ್ದಳು, ಅಷ್ಟಕ್ಕೇ ಕನಕಪ್ಪ ಕಣ್ಣು ಕೆಂಪು ಮಾಡಿದ್ದ, ಥಪ್ಪಿ ಬುಡಕ ಆ ಮಾತು ಆಡಬ್ಯಾಡ, ಇರ್ಲಿ ಅನ್ನು, ಹೋಗ್ಲಿ ಅನ್ನು, ಬಿಡು ಅನಬ್ಯಾಡ. ಯಾಕೆಂದರೆ ಭತ್ತದ ಚೀಲಗಳನ್ನು ಪೇರಿಸಿದ ಥಪ್ಪಿ ತಗಡಿನ ಮಾಡಿಗೆ ತಾಗುವಷ್ಟು ಎತ್ತರ, ಮೇಲೆ ಇಬ್ಬರು ಕೊಕ್ಕೆ ಹಾಕಿ ಚೀಲವನ್ನು ಅಂಚಿಗೆ ಎಳೆದು ಹಿಡಿದಿರುತ್ತಾರೆ, ಅರ್ಧ ಎತ್ತರದಲ್ಲಿ ಹಲಗೆಯ ಮೇಲೆ ನಿಂತವನು ಬೆನ್ನು ಬಾಗಿಸಿ, ಕಾಲು ಊರಿ, ಬಿಡು ಅನ್ನುತ್ತಾನೆ, ಅಂದ ಮೇಲೆಯೇ ಇವರು ಬಿಡುವುದು, ಅಷ್ಟು ಎತ್ತರದಲ್ಲಿ ಅವನ ಮುಖ ಇವರಿಗೆ ಕಾಣುವುದಿಲ್ಲ ಇವರ ಕೈ ಅವನಿಗೆ ಕಾಣುವುದಿಲ್ಲ, ನಡುವೆ ಇರುವುದು ಆ ಒಂದು ಮಾತು. ಹೊಸದಾಗಿ ಹಮಾಲರ ಟೋಳಿಗೆ ಸೇರಿದವರಿಗೆಲ್ಲ ಕನಕಪ್ಪನೇ ಕಲಿಸಿದ್ದು, ಅರಕೇರಾದ ಕುರಿಗಾರರ ಮಗ, ಕುರಿಗೆ ಒಂದು ಕೂಗು, ನಾಯಿಗೆ ಒಂದು ಕೂಗು, ಒಂದರದ್ದು ಇನ್ನೊಂದಕ್ಕೆ ಬಳಸಬಾರದು ಲೇ ಅನ್ನುತ್ತಿದ್ದ, ನಗುತ್ತಿದ್ದ, ಅಂಥವನು —

ರೊಟ್ಟಿ. ಒಂದು ರೊಟ್ಟಿಯ ಸುದ್ದಿ. ಮಧ್ಯಾಹ್ನದ ಊಟ ಮುಗಿದು ಲಾರಿ ತುಂಬುವ ಅವಸರ, ಚೆಲ್ಲಿದ ಭತ್ತ ಗುಡಿಸುತ್ತ ಅವಳು ಕೆಳಗಿದ್ದಾಳೆ, ಕಂಬದ ಬುಡದಲ್ಲಿ ಅವನ ಬುತ್ತಿ, ಎತ್ತಿ ನೋಡಿದರೆ ಭಾರ, ಬಿಚ್ಚಿದರೆ ರೊಟ್ಟಿ ಹಾಗೇ ಇದೆ, ಪುಂಡಿಪಲ್ಯ ಹಾಗೇ ಇದೆ, ಬೆಳಿಗ್ಗೆ ಎದ್ದು ಬಡಿದವಳಿಗೆ ಸಿಟ್ಟು ಬಾರದೆ ಇದ್ದೀತೇ, ಅಲ್ಲೇ ನಿಂತು ಮೇಲೆ ನೋಡಿ ಕೇಳಿದಳು, ಯಾಕ, ಉಣಲಿಲ್ಲೇನು, ರೊಟ್ಟಿ ಹಂಗ ಅದ ಅಲ್ಲ. ಹಲಗೆಯ ಮೇಲಿದ್ದ ಅವನು ಕತ್ತು ಹೊರಳಿಸಿದ, ಬೆನ್ನು ಇನ್ನೂ ಬಾಗಿಸಿರಲಿಲ್ಲ, ಒಂದು ಕೈಯ ಕೊಕ್ಕೆ ಪಕ್ಕದ ಚೀಲದಲ್ಲಿ ಊರಿತ್ತು, ಹೆಂಡತಿಯೊಡನೆ ಮಾತಾಡುವಾಗ ಗಂಡಸು ಹಮಾಲಿಯಾಗಿರುವುದಿಲ್ಲ, ಅವನ ಮುಖದಲ್ಲಿ ಆ ಕಳ್ಳನಗು, ಹಸಿವಿಲ್ಲ ಬಿಡು, ಅಂದ. ಹಸಿವಿಲ್ಲ ಎನ್ನುವುದು ಅವಳಿಗೆ ಕೇಳಿಸಿತು, ಬಿಡು ಎನ್ನುವುದು ಮೇಲಿನವರಿಗೆ ಕೇಳಿಸಿತು, ಮುಷರ್ರಫ್ ಕೈ ಬಿಟ್ಟ, ಅವನ ಜೊತೆಗಿದ್ದ ಯಂಕೋಬ ಕೈ ಬಿಟ್ಟ, ಅವರ ತಪ್ಪೇನು, ಕೂಗು ಬಂತು ಬಿಟ್ಟರು. ಬ್ಯಾಡ ಅಂತ ಒದರಬೇಕಿತ್ತು, ಬಿಡಬ್ಯಾಡ್ರಿ ಅಂತ, ಬಾಯಿ ತೆರೆದದ್ದು ನೆನಪಿದೆ, ದನಿ ಬರಲಿಲ್ಲ, ಚೀಲ ಬೆನ್ನಿಗೆ ಬರಲಿಲ್ಲ ಕತ್ತಿಗೆ ಬಂತು, ಆಮೇಲೆ ಸಾಲೇ ಜರಿಯಿತು, ಧೂಳು, ಧೂಳಿನೊಳಗೆ ಯಾರೋ ಯಾ ಅಲ್ಲಾ ಅಂದದ್ದು, ಧೂಳು ಇಳಿದಾಗ ಹಲಗೆಯ ಮೇಲೆ ಯಾರೂ ಇಲ್ಲ, ಪಕ್ಕದ ಚೀಲದಲ್ಲಿ ಅವನ ಕೊಕ್ಕೆ ಮಾತ್ರ, ಸಿಕ್ಕಿಕೊಂಡು, ಕೈಯಿಲ್ಲದೆ, ಅತ್ತ ಇತ್ತ ತೂಗುತ್ತ.

ಬಿಡು ಅಂದಾಂವ ಆತನ ಅಲ್ಲೇನ್ರಿ, ವಿರೂಪಣ್ಣ ಹೇಳುತ್ತಿದ್ದಾನೆ, ದನಿಯಲ್ಲಿ ಮರುಕವೂ ಇದೆ, ಸುಳ್ಳು ಮರುಕವಲ್ಲ, ಕನಕಪ್ಪನ ಮಣ್ಣಿಗೂ ಬಂದಿದ್ದ, ಅತ್ತಿದ್ದ, ಥಪ್ಪಿ ಏನು ಮಾಡ್ತದ, ಬಾಯಿ ತಪ್ಪಿದ್ದು ಅವಂದು, ಎರಡಾಳೆತ್ತರಕ್ಕ ಇಳಸ್ರಿ ಅಂದ್ರ ಇನ್ನೊಂದು ಗೋದಾಮು ಕಟ್ಟಬೇಕು, ಎಲ್ಲಿಂದ ತರ್ಲಿ. ಅಂಬರೀಶ ಅವಳ ಕಡೆ ಬಾಗಿದ, ಅವನ ಕಣ್ಣ ಕೆಳಗೆ ಕಪ್ಪು, ನಿದ್ದೆಯಿಲ್ಲ, ಅಕ್ಕಾ, ಕೆಲಸ ನಿಲ್ಲಿಸಿ ಹೊರಗ ಕುಂತ ನಮ್ಮವರು ಸೋತಾರ, ಉಳಿದದ್ದೆಲ್ಲಾ ಒಪ್ಯಾರ ಇವರು, ಆದ್ರ ಇದು ನಿನ್ನ ಮಾತು, ನೀ ಹೂಂ ಅಂದ್ರ ಬಿಡೂಣು, ಬ್ಯಾಡ ಅಂದ್ರ ಎದ್ದು ಹೋಗೂಣು. ಹೊರಗಿನವರು — ಗಾಜಿನಾಚೆ ಗೇಟು ಕಾಣುತ್ತದೆ, ಕೆಲಸ ನಿಲ್ಲಿಸಿದ ದಿನ ಎಲ್ಲರೂ ತಮ್ಮ ತಮ್ಮ ಕೊಕ್ಕೆಗಳನ್ನು ಗೇಟಿನ ಸರಳಿಗೆ ನೇತುಹಾಕಿದ್ದಾರೆ, ಅದು ಟೋಳಿಯ ರೂಢಿ, ಗಾಳಿಗೆ ಎಲ್ಲವೂ ಅಲ್ಲಾಡುತ್ತಿವೆ, ಬೇವಿನ ಕೆಳಗೆ ಯಂಕೋಬನ ಹೆಂಡತಿ ಕೂಸನ್ನು ತಟ್ಟುತ್ತಿದ್ದಾಳೆ, ಆ ಕೂಸಿಗೆ ಜ್ವರ, ನಿನ್ನೆ ಅವಳು ಬಂದು ಏನನ್ನೋ ಕೇಳಲು ನಿಂತು ಕೇಳದೆ ಹೋದಳು, ಏನು ಕೇಳಲು ಬಂದಿದ್ದಳೆಂದು ಬಂಡೆಮ್ಮನಿಗೆ ಗೊತ್ತಿಲ್ಲವೇ, ಹೂಂ ಅಂದರೆ ನಾಳೆಯೇ ಎಲ್ಲರ ಒಲೆ ಹತ್ತುತ್ತದೆ, ನಾಳೆಯೇ ಯಂಕೋಬ ಥಪ್ಪಿ ಹತ್ತುತ್ತಾನೆ, ಹಲಗೆಯ ಮೇಲೆ ನಿಲ್ಲುವವನು ಯಾರು, ಯಾರಾದರೂ ನಿಲ್ಲಲೇಬೇಕು, ಅವನಿಗೂ ಒಬ್ಬಳು ಹೆಂಡತಿ, ಅವಳೂ ಕೆಳಗಿನಿಂದ ಏನಾದರೂ ಕೇಳಿಯಾಳು, ರೊಟ್ಟಿಯದೋ, ಕೂಸಿನ ಜ್ವರದ್ದೋ, ಅವನೂ ಕತ್ತು ಹೊರಳಿಸಿ —

ಅವನ ಬಾಯಿ ತಪ್ಪಲಿಲ್ರಿ, ಅಂದಳು ಬಂಡೆಮ್ಮ, ದನಿ ಯಾರದೋ ಎಂಬಂತೆ ಕೇಳಿಸಿತು ಅವಳಿಗೇ, ಅಂವ ನನ್ನ ಕೂಡ ಮಾತಾಡಿದಾ, ಹಸಿವಿಲ್ಲ ಬಿಡು ಅಂದಾ, ಅಷ್ಟs, ಥಪ್ಪಿ ಅವನ ಮಾರಿ ಕಾಣುವಷ್ಟs ಎತ್ತರ ಇದ್ದಿದ್ರ ಮ್ಯಾಲಿನವರು ಮಾತು ಯಾಕ ಕೇಳ್ತಿದ್ರು, ನೋಡೇ ಹಿಡಕೊಂತಿದ್ರು. ಮುಷರ್ರಫ್ ಮೊದಲ ಸಲ ತಲೆ ಎತ್ತಿದ. ಅಂಬರೀಶ ಮೆಲ್ಲಗೆ, ಹಂಗಾದ್ರ ಏನಂತೀ ಅಕ್ಕಾ, ಅಂದ, ಅವಳ ಕಣ್ಣು ಅವನ ಕಡೆ ಹೋಗಲಿಲ್ಲ, ವಿರೂಪಣ್ಣನ ಕಡೆ ಹೋಗಲಿಲ್ಲ, ಮೇಲೆ ಹೋಯಿತು, ಮೇಲೆ, ಮಾಡಿನ ತನಕ, ಬಾಯಿ ತೆರೆಯಿತು, ಈ ಸಲ ದನಿ ಬಂತು, ಬಿಡಬ್ಯಾಡ್ರಿ. ಯಾರಿಗಿ ಹೇಳಾಕತ್ತೀ ಯವ್ವಾ, ಮ್ಯಾಲ ಯಾರದಾರ, ವಿರೂಪಣ್ಣ ಕೇಳುತ್ತಿದ್ದಾನೆ, ಪಕ್ಕದಲ್ಲಿ ಮುಷರ್ರಫನ ಬಿಚ್ಚಿದ ಅಂಗೈ ಬೆರಳು ಬೆರಳಾಗಿ ಮುಚ್ಚಿಕೊಂಡಿತು, ಬಿಗಿಯಾಗಿ, ಚೀಲವನ್ನು ಬಿಡದೆ ಹಿಡಿದವನಂತೆ, ಅಂಬರೀಶ ಏಳುತ್ತಿದ್ದಾನೆ, ಕುರ್ಚಿಗಳು ಸರಿಯುತ್ತಿವೆ, ಬೀರುವಿನ ಕೀಲಿಗೊಂಚಲು ನಿಂತಿದೆ, ನಿಂತೇ ಹೋಗಿದೆ, ಆದರೆ ಕೊಕ್ಕೆ, ಧೂಳಿನೊಳಗೆ, ಚೀಲಕ್ಕೆ ಸಿಕ್ಕಿಕೊಂಡು, ಕೈಯಿಲ್ಲದೆ, ಅತ್ತ ಇತ್ತ, ಆ ಕೊಕ್ಕೆ —