ಡಮ್ಮಿ ಮೇಡಂ

ಸದ್ದಿಗೆ ಬೆಚ್ಚದ ಮನುಷ್ಯರನ್ನು ನನ್ನ ಆಯುಷ್ಯದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಗಾಳಿಗೆ ಬಾಗಿಲು ದಢಾರನೆ ಬಡಿದುಕೊಂಡಾಗ, ಅಡುಗೆಮನೆಯಲ್ಲಿ ಸ್ಟೀಲು ತಟ್ಟೆಗಳ ರಾಶಿ ಜಾರಿ ನೆಲಕ್ಕುರುಳಿದಾಗ, ಬೀದಿಯಲ್ಲಿ ಲಾರಿಯ ಟೈರು ಸಿಡಿದಾಗ ಉಳಿದವರೆಲ್ಲ ಭುಜ ಕುಗ್ಗಿಸಿ, ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಆಮೇಲೆ ತಮಗೇನೂ ಆಗಲೇ ಇಲ್ಲವೆಂಬಂತೆ ಪೆಚ್ಚುನಗೆ ನಗುತ್ತಾರೆ, ಈ ಮಹಾತಾಯಿ ಮಾತ್ರ ರೆಪ್ಪೆಯನ್ನೂ ಅಲುಗಿಸದೆ, ಸದ್ದು ಬಂದ ದಿಕ್ಕಿಗೆ ಸಾವಕಾಶವಾಗಿ ತಲೆ ತಿರುಗಿಸಿ, "ಏನು ಬಿತ್ತು?" ಎಂದು ಕೇಳುತ್ತಿದ್ದರು. ಹೊಸದಾಗಿ ಮನೆಗೆ ಬಂದ ನೆಂಟರು ಇವರಿಗೆ ಕಿವಿ ಮಂದವೆಂದು ಭಾವಿಸಿ, ಗಂಟಲು ಹರಿದುಕೊಂಡು ಮಾತಾಡಿ, ಚೆನ್ನಾಗಿ ಬೈಸಿಕೊಂಡದ್ದೂ ಉಂಟು.

ಅವರ ಕೆಲಸದ ಜಾಗ ಒಂದು ಕಟ್ಟಡದ ನೆಲಮಾಳಿಗೆ. ಮೇಲಿನ ಮಹಡಿಗಳಲ್ಲಿ ವಿಮೆಯ ಕಚೇರಿ, ಹಲ್ಲಿನ ಡಾಕ್ಟರು. ಹದಿನಾರು ಮೆಟ್ಟಿಲಿಳಿದು ಎರಡು ದಪ್ಪ ಬಾಗಿಲು ದಾಟಿದರೆ ಪಿಸ್ತೂಲಿನ ಶೂಟಿಂಗ್ ರೇಂಜು. ಹಲಗೆ ಅಡ್ಡಗಟ್ಟಿ ಮಾಡಿದ ಆರು ಅಂಕಣ, ಅಂಕಣಕ್ಕೊಂದು ದೀಪ, ಇಪ್ಪತ್ತೈದು ಮೀಟರು ಆಚೆ ತಂತಿಗೆ ತೂಗುಬಿಟ್ಟ ಗುರಿಯ ಕಾಗದ, ಸುಟ್ಟ ಮದ್ದಿನ ವಾಸನೆಯನ್ನು ಹೊರಗೆಳೆಯುತ್ತ ದಿನವಿಡೀ ಗೊಣಗುವ ಫ್ಯಾನುಗಳು. ಬ್ಯಾಂಕಿನ ಕಾವಲುಗಾರರು, ಹಣ ಸಾಗಿಸುವ ವ್ಯಾನಿನವರು, ಪಂದ್ಯದ ಹುಚ್ಚು ಹಿಡಿದವರು, ಹೀಗೆ ಮೂವತ್ತು ವರ್ಷದಲ್ಲಿ ಅಲ್ಲಿ ಪಿಸ್ತೂಲು ಹಿಡಿದವರೆಲ್ಲ ಮೇಡಮ್ಮಿನ ಶಿಷ್ಯರೇ. ಕಾಲುಗಳನ್ನು ಭುಜದಗಲಕ್ಕೆ ಇಟ್ಟು, ಮಂಡಿಯನ್ನು ಚೂರು ಸಡಿಲಿಸಿ, ಮೈಭಾರವನ್ನು ಮುಂಗಾಲಿಗೆ ತಂದು ನಿಲ್ಲುವುದು ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ಬಸ್ಸಿಗೆ ಕಾಯುವಾಗಲೂ, ಔಷಧಿ ಅಂಗಡಿಯ ಸಾಲಿನಲ್ಲೂ ಹಾಗೆಯೇ ನಿಲ್ಲುತ್ತಿದ್ದರು. ಇವರು ಯಾರೊಡನೆಯೋ ಜಗಳಕ್ಕೆ ನಿಂತಿದ್ದಾರೆಂದು ತಿಳಿದು ಹಿಂದಿನವರು ಎರಡು ಹೆಜ್ಜೆ ಸರಿದುಕೊಳ್ಳುತ್ತಿದ್ದರು.

ಮೈಮೇಲೆ ಸದಾ ಒಂದು ಬೂದಿ ಬಣ್ಣದ ಉದ್ದನೆಯ ಕೋಟು, ಮೊಳಕೈ ಎರಡಕ್ಕೂ ತೇಪೆ. ಅದರ ಎಡಜೇಬಿನಲ್ಲಿ ಅಸಲಿ ಗುಂಡು. ಬಲಜೇಬಿನಲ್ಲಿ ಡಮ್ಮಿ, ಅಂದರೆ ಮದ್ದಿಲ್ಲದ, ಸಿಡಿಯದ, ನೋಟಕ್ಕೆ ಮಾತ್ರ ಗುಂಡಿನಂತಿರುವ ಗುಂಡು. ಎರಡೂ ಕಲೆಯದಿರಲೆಂದು ಡಮ್ಮಿಗಳಿಗೆ ತಾವೇ ಕೈಯಾರೆ ಕೆಂಪು ನೇಲ್ ಪಾಲಿಶ್ ಬಳಿದಿದ್ದರು. ಉಗುರಿಗೆ ಎಂದೂ ಬಣ್ಣ ಹಚ್ಚಿಕೊಳ್ಳದ ಹೆಂಗಸು ವರ್ಷಕ್ಕೆ ನಾಲ್ಕು ಶೀಶೆ ಕೆಂಪು ಬಣ್ಣ ಕೊಳ್ಳುವುದನ್ನು ಕಂಡು ಅಂಗಡಿಯವಳು ಏನೇನು ಊಹಿಸಿಕೊಂಡಳೋ ನಾನರಿಯೆ.

ಲೇಖನಕ್ಕೆ ಒಂದಿಷ್ಟು ಸರಕು ಸಿಕ್ಕೀತೆಂಬ ಆಸೆಯಿಂದ ನಾನು ಅವರ ಬುಧವಾರದ ತರಗತಿಗೆ ಸೇರಿದೆ. ಮೊದಲ ದಿನದ ಉಪನ್ಯಾಸ ಅರ್ಧ ನಿಮಿಷದ್ದು. "ನಿಲ್ಲೋದು, ಹಿಡಿಯೋದು, ನೋಡೋದು, ಉಸಿರು ಬಿಡೋದು, ಒತ್ತೋದು. ಅಷ್ಟೆ." ಈ "ಅಷ್ಟೆ" ಅವರ ಬಾಯಲ್ಲಿ ಪ್ರತಿ ಮಾತಿಗೂ ಬೀಳುವ ಮುದ್ರೆ. ಮೂರು ವಾರ ಅವರು ನಮಗೆ ಗುಂಡಿನ ಮುಖವನ್ನೇ ತೋರಿಸದೆ, ಬರಿದಾದ ಪಿಸ್ತೂಲನ್ನು ಬೋಳು ಗೋಡೆಯತ್ತ ಹಿಡಿಸಿ, ಟ್ರಿಗರಿನ ಮೇಲೆ ಬೆರಳನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಹಿಂದಕ್ಕೆ ತರುವುದನ್ನು ಕಲಿಸುತ್ತ ನಮ್ಮ ತಾಳ್ಮೆಯನ್ನು ಅರೆದು ಹಾಕಿದರು. ಗುರಿಯನ್ನೇ ದಿಟ್ಟಿಸುತ್ತಿದ್ದೇನೆಂದು ನಾನು ಹೆಮ್ಮೆಯಿಂದ ಹೇಳಿದಾಗ ಅವರು ಮುಖ ಸಿಂಡರಿಸಿದರು. "ಅದೇ ತಪ್ಪು. ಗುರಿ ಎಲ್ಲೂ ಓಡಿ ಹೋಗಲ್ಲ. ನಳಿಗೆ ತುದೀಲಿ ಗೂಟ ಇದೆಯಲ್ಲ, ಅದನ್ನ ನೋಡಿ. ಗುರಿ ಮಸುಕಾಗ್ಲಿ, ಬಿಡಿ. ಅಷ್ಟೆ."

ಬೆನ್ನ ಹಿಂದೆ ಎಲ್ಲರೂ ಅವರನ್ನು ಡಮ್ಮಿ ಮೇಡಂ ಎನ್ನುತ್ತಿದ್ದರು, ಅದಕ್ಕೆ ಕಾರಣವಿತ್ತು. ಸಿಡಿತದ ಸದ್ದಿಗೆ, ಅಂಗೈಗೆ ಬೀಳುವ ಒದೆತಕ್ಕೆ ಮನುಷ್ಯನ ಮೈ ಹೆದರುತ್ತದೆ. ಒದೆತ ಬರುವುದಕ್ಕೆ ಒಂದು ಕ್ಷಣ ಮುಂಚೆಯೇ ಮಣಿಕಟ್ಟು ತಾನಾಗಿ ಕೆಳಕ್ಕೆ ಒತ್ತುತ್ತದೆ, ಗುಂಡು ಗುರಿಯ ಕೆಳಗೆ ಎಡಕ್ಕೆ ಹೋಗಿ ಬೀಳುತ್ತದೆ. ಅಸಲಿ ಗುಂಡಾದರೆ ಸದ್ದು ಹೊಗೆಗಳ ಗದ್ದಲದಲ್ಲಿ ಈ ಬೆದರು ಯಾರ ಕಣ್ಣಿಗೂ ಬೀಳುವುದಿಲ್ಲ, ಹೊಡೆದವನಿಗೂ ತಿಳಿಯುವುದಿಲ್ಲ. ಆದ್ದರಿಂದ ಮೇಡಂ ಶಿಷ್ಯನ ಪಿಸ್ತೂಲಿನ ಮ್ಯಾಗಜೀನಿಗೆ, ಅಂದರೆ ಗುಂಡಿನ ಗೂಡಿಗೆ, ತಾವೇ ಗುಂಡು ತುಂಬಿ, ಅಸಲಿಗಳ ನಡುವೆ ಎಲ್ಲೋ ಒಂದು ಡಮ್ಮಿಯನ್ನು ಸೇರಿಸಿಬಿಡುತ್ತಿದ್ದರು. ಆ ಸರದಿ ಬಂದಾಗ ಸಿಡಿತವಿಲ್ಲ, ಬರೀ "ಟಕ್". ಆ ನಿಶ್ಶಬ್ದದಲ್ಲಿ ಪಿಸ್ತೂಲಿನ ಮೂತಿ ಕಾಳು ಕುಕ್ಕುವ ಕೋಳಿಯ ಹಾಗೆ ಕೆಳಗಿಳಿಯುವುದು ಇಡೀ ತರಗತಿಗೆ ಕಾಣುತ್ತಿತ್ತು. ಹದಿನೈದು ವರ್ಷ ವ್ಯಾನು ಕಾದವನೆಂದು ಮೀಸೆ ತಿರುವಿದ ಒಬ್ಬ ಕಾವಲುಗಾರ, ಮೂತಿ ಕುಕ್ಕಿದ ಮೇಲೆ, ಈ ಪಿಸ್ತೂಲಿನದೇ ಏನೋ ದೋಷವೆಂದು ವಾದಕ್ಕಿಳಿದ. "ಪಿಸ್ತೂಲು ಏನೂ ಮಾಡ್ಲಿಲ್ಲಪ್ಪ, ಅದು ಸುಮ್ನಿತ್ತು. ಮಾಡಿದ್ದು ನೀವು" ಎಂದರು ಮೇಡಂ. ಅವನು ಆಮೇಲೆ ವರ್ಷಗಟ್ಟಲೆ ಅವರಲ್ಲಿಗೇ ಬಂದ.

ಮನೆಯಲ್ಲಿದ್ದವರು ಮಗ, ಸೊಸೆ. ಮಗ ಕನ್ನಡಕ ಮಾಡುವವನು. ನಳಿಗೆ ತುದಿಯ ಗೂಟ ಸ್ಪಷ್ಟವಾಗಿ ಕಾಣಲೆಂದು ತಾಯಿಯ ಕೈಯಳತೆ ತೆಗೆದುಕೊಂಡು, ಒಂದು ತೋಳಿನ ದೂರಕ್ಕೆ ಮಾತ್ರ ಹೊಂದುವ ಕನ್ನಡಕ ಮಾಡಿಕೊಟ್ಟಿದ್ದ. ಸೊಸೆ ಅದೇ ರೇಂಜಿನ ಸಹಾಯಕ ಶಿಕ್ಷಕಿ, ಮೊದಲು ಶಿಷ್ಯೆಯಾಗಿ ಬಂದು ಆಮೇಲೆ ಸೊಸೆಯಾದವಳು. ಮನೆಯಲ್ಲಿ ಒದ್ದೆ ಬಟ್ಟೆ ಹರವುವ ರೀತಿಯಿಂದ ಹಿಡಿದು ಕಿಟಕಿ ತೆರೆಯುವ ಹೊತ್ತಿನವರೆಗೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಹದಿನಾರು ಮೆಟ್ಟಿಲಿಳಿದ ಕೂಡಲೇ "ಮೇಡಂ", "ಎಸ್ ಮೇಡಂ". ಅಲ್ಲಿ ಅತ್ತೆ ಎನ್ನಕೂಡದೆಂಬುದು ಮೇಡಮ್ಮಿನದೇ ಕಟ್ಟಪ್ಪಣೆ.

ನಾನು ಸೇರಿ ಐದು ತಿಂಗಳಾಗಿದ್ದಾಗ ಆ ಸಂಗತಿ ನಡೆಯಿತು. ಶಿಕ್ಷಕರಿಗೂ ವರ್ಷಕ್ಕೊಮ್ಮೆ ಪರೀಕ್ಷೆಯುಂಟು: ಮೂವತ್ತು ಗುಂಡು, ಮುನ್ನೂರಕ್ಕೆ ಇನ್ನೂರ ಎಪ್ಪತ್ತು ಬಂದರೆ ಶಿಕ್ಷಕರ ಕಾರ್ಡು ಉಳಿಯುತ್ತದೆ, ಇಲ್ಲದಿದ್ದರೆ ಆರು ತಿಂಗಳು ಯಾರಿಗೂ ಪಾಠ ಹೇಳುವ ಹಾಗಿಲ್ಲ. ಇನ್ನೂರ ತೊಂಬತ್ತಕ್ಕಿಂತ ಕೆಳಗಿಳಿದೇ ಅರಿಯದ ಮೇಡಮ್ಮಿನ ಅಭ್ಯಾಸದ ಹಾಳೆಗಳಲ್ಲಿ ಆ ಸಲ ತೂತುಗಳು ಕೆಳಕ್ಕೆ, ಎಡಕ್ಕೆ ಸರಿಯತೊಡಗಿದವು. ಪರೀಕ್ಷೆಗೆ ಇನ್ನು ಒಂದೇ ತಿಂಗಳು. ಕಣ್ಣಿನ ದೋಷವಿರಬೇಕೆಂದು ಮಗನ ಮುಂದೆ ಕೂತರು. ಅವನು ಎರಡೆರಡು ಸಲ ಪರೀಕ್ಷಿಸಿ, "ಕಣ್ಣಲ್ಲಿ ಏನೂ ಇಲ್ಲಮ್ಮ" ಎಂದ. ಗುಂಡಿನ ಪೆಟ್ಟಿಗೆ ಬದಲಾಯಿಸಿದರು, ದೀಪ ಬದಲಾಯಿಸಿದರು, ಪಿಸ್ತೂಲನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸಿದರು. ತೂತುಗಳು ಮಾತ್ರ ಹಟ ಹಿಡಿದು ಅಲ್ಲೇ ಕೂತವು.

ಸೊಸೆಗೆ ಕಾರಣದ ಸುಳಿವಿತ್ತು. ನಾಲ್ಕು ತಿಂಗಳ ಹಿಂದೆ ಯಾರದೋ ಸದ್ದು ತಡೆಯುವ ಕಿವಿಮುಚ್ಚುಗ ಸರಿಪಡಿಸಲು ಹೋಗಿ ಮೇಡಮ್ಮಿನದೇ ಜಾರಿ, ಅದೇ ಕ್ಷಣ ಪಕ್ಕದ ಅಂಕಣದಲ್ಲಿ ಗುಂಡು ಸಿಡಿದು, ಮೂರು ದಿನ ಅವರ ಕಿವಿ ಗುಂಯ್ಗುಟ್ಟಿತ್ತು. ಅವರು ಅದನ್ನು ಮರೆತಿದ್ದರು. ಅವರ ಮೈ ಮಾತ್ರ ಅದನ್ನು ಮರೆತಿರಲಿಲ್ಲ, ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಸೊಸೆಗೆ ಬರಲಿಲ್ಲ.

ಆ ಬುಧವಾರ ನಾವು ಐದು ಮಂದಿ ಶಿಷ್ಯರು ಸಾಲಾಗಿ ನಿಂತಿದ್ದೆವು. ಮೇಡಂ ಬಂದವರೇ ತಮ್ಮ ಮ್ಯಾಗಜೀನನ್ನು ಸೊಸೆಯ ಮುಂದೆ ಚಾಚಿದರು. "ಇದನ್ನ ನೀನು ತುಂಬು. ಡಮ್ಮಿ ಎಲ್ಲಿ ಹಾಕ್ತೀಯೋ ನನಗೆ ಹೇಳ್ಬೇಡ."

ಸೊಸೆ ಅದನ್ನು ತೆಗೆದುಕೊಳ್ಳಲಿಲ್ಲ. ಪಿಸುದನಿಯಲ್ಲಿ, "ಇವರ ಮುಂದೆ ಬೇಡ, ಅತ್ತೆ" ಎಂದಳು. ಆ ನೆಲಮಾಳಿಗೆಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು.

"ಇವರ ಮುಂದೇನೇ. ನಾನು ಇವರನ್ನೆಲ್ಲ ಬಾಗಿಲು ಹಾಕ್ಕೊಂಡು ಪರೀಕ್ಷೆ ಮಾಡಿದ್ನಾ?"

ಎರಡು ಗುಂಡು ಸಿಡಿದವು. ಮೂರನೆಯದು ಟಕ್. ಮೂವತ್ತು ವರ್ಷ ಊರಿನ ಮಣಿಕಟ್ಟುಗಳನ್ನೆಲ್ಲ ತಿದ್ದಿದ ಆ ಕೈಯಲ್ಲಿ ಪಿಸ್ತೂಲಿನ ಮೂತಿ ಕೆಳಕ್ಕೆ ಕುಕ್ಕಿತು, ನಮ್ಮೆಲ್ಲರದೂ ಕುಕ್ಕಿದ ಹಾಗೆಯೇ, ಒಂದಿಷ್ಟೂ ಘನವಾಗಿ ಅಲ್ಲ. ಮೇಡಂ ಪಿಸ್ತೂಲನ್ನು ಬರಿದು ಮಾಡಿ ಮೇಜಿನ ಮೇಲಿಟ್ಟು ನಮ್ಮತ್ತ ತಿರುಗಿ, "ಎಷ್ಟು ಇಳೀತು?" ಎಂದು ಕೇಳಿದರು. ಬೇಕರಿ ನಡೆಸುವ ಹೆಂಗಸೊಬ್ಬಳು ಮರ್ಯಾದೆಗೆ, "ಸ್ವಲ್ಪ ಮೇಡಂ" ಎಂದಳು. "ಸ್ವಲ್ಪ ಅನ್ನೋದು ಅಳತೆ ಅಲ್ಲ" ಎಂದು ಅವರು ಸೊಸೆಯನ್ನು ನೋಡಿದರು. ಸೊಸೆ ನೆಲ ನೋಡುತ್ತ, "ಎರಡು ಬೆರಳು" ಎಂದಳು. ಮೇಡಂ ತಲೆಯಾಡಿಸಿ, ಕೋಟು ಕಳಚಿ ಅವಳ ಕೈಗೆ ಕೊಟ್ಟು, ನಮ್ಮ ಸಾಲಿನ ಕೊನೆಗೆ, ಆರನೆಯ ಅಂಕಣಕ್ಕೆ ಬಂದು, ಬರಿದಾದ ಪಿಸ್ತೂಲು ಹಿಡಿದು ನಿಂತರು. ಅವರು ಮೊದಲ ದಿನದ ಪಾಠಕ್ಕೆ ನಮ್ಮ ಸಾಲಿನಲ್ಲೇ ನಿಂತಿದ್ದಾರೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲಿನ ದಿನಗಳಲ್ಲಿ ಸೊಸೆ ಪಟ್ಟ ಫಜೀತಿ ಶತ್ರುವಿಗೂ ಬೇಡ. ಅತ್ತೆಯ ಮಣಿಕಟ್ಟು ಹಿಡಿದು ತಿದ್ದುವುದೆಂದರೇನು, "ಇನ್ನೊಂದ್ ಸಲ" ಎಂದು ಗದರುವುದೆಂದರೇನು! ಒಂದು ದಿನ ಅವಳ ಮನಸ್ಸು ಕರಗಿ, ಡಮ್ಮಿಯನ್ನೇ ಸೇರಿಸದೆ ಹತ್ತೂ ಅಸಲಿ ಗುಂಡು ತುಂಬಿ, ಕೊನೆಗೆ, "ಇವತ್ತು ಕೈ ಅಲುಗ್ಲೇ ಇಲ್ಲ ಮೇಡಂ" ಎಂದುಬಿಟ್ಟಳು. ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಹತ್ತೂ ಸಿಡೀತು, ನಾನು ಎಣಿಸ್ದೆ. ಕರುಣೆ ತೋರಿಸ್ಬೇಕು ಅಂದ್ರೆ ಮನೇಲಿ ತೋರಿಸು ತಾಯಿ, ಕಿಟಕಿ ನಾನು ಹೇಳಿದ ಹೊತ್ತಿಗೆ ತೆಗಿ. ಇಲ್ಲಿ ಬೇಡ." ಮರುದಿನ ಸೊಸೆ ಸೇಡು ತೀರಿಸಿಕೊಳ್ಳುವವಳಂತೆ ಹತ್ತರಲ್ಲಿ ಎಂಟು ಡಮ್ಮಿ ತುಂಬಿದಳು. ಟಕ್, ಟಕ್, ಟಕ್ ಎಂದು ಎಂಟು ಸಲ ಎಲ್ಲರೆದುರು ಮಾನ ಕಳೆದುಕೊಂಡ ಮೇಡಂ, "ಹಾಂ, ಇದು ಪಾಠ" ಎಂದು ಖುಷಿಪಟ್ಟರು. ಎರಡು ಬೆರಳಿನ ಇಳಿತ ಒಂದಾಯಿತು, ಅರ್ಧವಾಯಿತು, ಅಲ್ಲಿಗೆ ನಿಂತುಬಿಟ್ಟಿತು.

ಪರೀಕ್ಷೆಗೆ ಕೇಂದ್ರ ಕಚೇರಿಯಿಂದ ಬಂದವನು ಅವರದೇ ಹಳೆಯ ಶಿಷ್ಯ. ಮೂವತ್ತು ಗುಂಡು ಮುಗಿದು, ಹಾಳೆಗಳ ಮೇಲೆ ಭೂತಗನ್ನಡಿ ಆಡಿಸಿ ಕೂಡಿದಾಗ ಬಂದದ್ದು ಇನ್ನೂರ ಅರವತ್ತಾರು. ಅವನ ಪೆನ್ನು ಕಾಗದದ ಮೇಲೆ ನಡುಗುತ್ತ ನಿಂತಿತು. ಮೇಡಂ ಅವನ ಮೊಳಕೈಯನ್ನು ಮೆಲ್ಲಗೆ ಹಿಡಿದು, "ಕೈ ನಡುಗಿಸ್ಬೇಡ, ಅಂಕಿ ಕೆಟ್ಟದಾಗಿ ಬರುತ್ತೆ" ಎಂದರು. ಅವನು ಬರೆದ. ಅವರು ತಮ್ಮ ಕಾರ್ಡನ್ನು ತಾವೇ ತೆಗೆದು ಮೇಜಿನ ಮೇಲಿಟ್ಟರು.

ಅಂದು ಸಂಜೆ ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಅವರು ಅತ್ತದ್ದನ್ನು ನನಗೆ ಹೇಳಿದವಳು ಸೊಸೆ. ನಲ್ಲಿ ಜೋರಾಗಿ ತಿರುಗಿಸಿದ್ದರಂತೆ. ಹೊರಗೆ ಬಂದಾಗ ಸೊಸೆ ಟವೆಲು ಹಿಡಿದು ನಿಂತಿದ್ದಳು. "ಮೂವತ್ತು ವರ್ಷ ಕಣೇ" ಎಂದಷ್ಟೇ ಹೇಳಿ, ಟವೆಲು ತೆಗೆದುಕೊಂಡು ಕೋಣೆಗೆ ಹೋದರಂತೆ. ಆ ರಾತ್ರಿ ತಾವಿಬ್ಬರೂ ಯಾವ ವಿಷಯಕ್ಕೂ ಜಗಳವಾಡಲಿಲ್ಲ, ಅದೇ ತನಗೆ ಸಂಕಟವಾಯಿತು ಎಂದಳು.

ಇನ್ನು ಅವರು ರೇಂಜಿನತ್ತ ಸುಳಿಯಲಾರರೆಂದು ನಾವು ತೀರ್ಮಾನಿಸಿದ್ದೆವು. ಮುಂದಿನ ಬುಧವಾರ ಹೊಸ ತಂಡ ಬಂತು, ಕೋಟು ತೊಟ್ಟು ಸೊಸೆ ಪಾಠ ಹೇಳಿದಳು. ಆರನೆಯ ಅಂಕಣದಲ್ಲಿ, ಶಿಷ್ಯರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು, ಮೇಡಂ ತಮ್ಮ ಪಾಡಿಗೆ ತಾವು ಗೋಡೆಯತ್ತ ಪಿಸ್ತೂಲು ಹಿಡಿದು ನಿಂತಿದ್ದರು. ಆ ತಂಡದಲ್ಲಿ ಖಜಾನೆಯ ಕಾವಲಿಗೆ ಹೊಸದಾಗಿ ಸೇರಿದ ನಡುವಯಸ್ಸಿನ ಹೆಂಗಸೊಬ್ಬಳಿದ್ದಳು. ಒಂದೆರಡು ತಿಂಗಳಲ್ಲಿ ಗುಂಡಿನ ಪಾಠದ ಸರದಿ ಬಂದಾಗ ಅವಳ ಪಿಸ್ತೂಲು ಟಕ್ ಎಂದಿತು, ಮೂತಿ ಒಂದು ಗೇಣು ಕುಕ್ಕಿತು, ಯಾರೋ ಕಿಸಕ್ಕೆಂದರು. ಅವಳು ಪಿಸ್ತೂಲು ಕೆಳಗಿಟ್ಟು ಅಳತೊಡಗಿದಳು. ತನ್ನಿಂದ ಇದು ಆಗದು, ಈ ಕೆಲಸ ತನಗಲ್ಲ ಎಂದಳು. ಸಮಾಧಾನದ ಮಾತು ಸೊಸೆ ಕಲಿತ ಪಾಠದಲ್ಲೇ ಇರಲಿಲ್ಲ, ಅವಳ ಗುರು ಅದನ್ನು ಯಾರಿಗೂ ಹೇಳಿಕೊಟ್ಟವರಲ್ಲ.

ಆರನೆಯ ಅಂಕಣದಿಂದ ದನಿ ಬಂತು. "ಇಲ್ಲಿ ಬಾಮ್ಮ, ನನ್ನ ಪಕ್ಕ ನಿಂತ್ಕೋ. ನಂದೂ ಇಳಿಯುತ್ತೆ."

ಆ ಹೆಂಗಸು ಕಣ್ಣೊರೆಸಿಕೊಂಡು ಹೋದಳು. ಮೇಡಂ ಸೊಸೆಯಿಂದ ಮ್ಯಾಗಜೀನು ತುಂಬಿಸಿಕೊಂಡು, ಆ ಹೆಂಗಸು ನೋಡುತ್ತಿರುವಂತೆಯೇ ಹೊಡೆದರು. ಟಕ್ ಎಂದಾಗ ಅರ್ಧ ಬೆರಳು ಇಳಿದದ್ದನ್ನು ತಾವೇ ತೋರಿಸಿದರು. ಪಾಠ ಹೇಳಲು ಅವರಿಗೆ ಅಪ್ಪಣೆಯಿರಲಿಲ್ಲ, ಅವರು ಹೇಳಲೂ ಇಲ್ಲ. ಇಬ್ಬರೂ ಸುಮ್ಮನೆ ಅಕ್ಕಪಕ್ಕ ನಿಂತು ಗಂಟೆಗಟ್ಟಲೆ ಬರಿದಾದ ಪಿಸ್ತೂಲು ಹಿಡಿದು ಅಭ್ಯಾಸ ಮಾಡಿದರು. ಖಜಾನೆಯ ಹೆಂಗಸು ಕೆಲಸ ಬಿಡಲಿಲ್ಲ.

ಕಲಿಸುವವರಲ್ಲಿ ಬಹುಮಂದಿ ತಾವು ಏರಿ ನಿಂತ ಎತ್ತರದಿಂದ ಕೈಬೀಸಿ ಕರೆಯುವವರು. ಅವರನ್ನು ಕಂಡು ನಮಗೆ ಭಕ್ತಿ ಹುಟ್ಟುತ್ತದೆ, ಅದರ ಜೊತೆಗೇ ನಮ್ಮ ಬಗ್ಗೆ ನಮಗೇ ಒಂದಿಷ್ಟು ನಾಚಿಕೆಯೂ ಹುಟ್ಟುತ್ತದೆ. ತಾವು ಜಾರಿ ಬಿದ್ದ ಜಾಗವನ್ನು ಬಿಟ್ಟು ಓಡದೆ, ಅಲ್ಲೇ ನಿಂತು, ಪಕ್ಕದಲ್ಲಿ ಇನ್ನೊಬ್ಬರಿಗೂ ಇಷ್ಟು ಜಾಗ ಮಾಡಿಕೊಡುವವರು ವಿರಳ. ಅಂಥವರ ಕೈಕೆಳಗೆ ಕಲಿತವರಿಗೂ ಗುರಿ ತಪ್ಪುತ್ತದೆ, ನನ್ನದಂತೂ ಇಂದಿಗೂ ತಪ್ಪುತ್ತದೆ. ತಪ್ಪಿದ್ದನ್ನು ಬಚ್ಚಿಡಬೇಕೆಂಬ ಭಯ ಮಾತ್ರ ಅವರಿಗೆ ಉಳಿಯುವುದಿಲ್ಲ.